ಕಾಯದ ಕಸುವು: ಕೂಡಿಡುವುದೋ, ಸವೆಸುವುದೋ

ದೇಹದ ಚೈತನ್ಯವನ್ನು ಸಹಜ ಮಾರ್ಗದಲ್ಲಿ ಹೆಚ್ಚಿಸಿಕೊಳ್ಳುವುದು ಹೇಗೆಂಬ ವಿಚಾರ ಬಂದಾಗಲೆಲ್ಲ ಚರ್ಚೆ ಊಟ, ನಿದ್ರೆ, ವ್ಯಾಯಾಮ, ಉಸಿರು ಎಂಬ ನಾಲ್ಕರ ಸುತ್ತಲೇ ನಡೆಯುತ್ತದೆ. ಭಾರತದ ವೈದ್ಯಗ್ರಂಥಗಳೂ ಧರ್ಮಗ್ರಂಥಗಳೂ ಬಹುಕಾಲದಿಂದ ಹೇಳಿಕೊಂಡು ಬಂದಿರುವುದು ಇವನ್ನೇ ಆದ್ದರಿಂದ ಈ ಪಟ್ಟಿಯಲ್ಲಿ ಹೊಸದೇನೂ ಇಲ್ಲ. ಆದರೆ ಆ ಗ್ರಂಥಗಳು ಉಪಾಯಗಳನ್ನು ಹೇಳುವುದಕ್ಕೆ ಮೊದಲು ಕೇಳಿಕೊಂಡಿದ್ದ ಒಂದು ಪ್ರಶ್ನೆ ಇಂದಿನ ಚರ್ಚೆಯಲ್ಲಿ ಕಾಣೆಯಾಗಿದೆ. ದೇಹದ ಬಲವೆಂಬುದು ಮನುಷ್ಯನು ತನ್ನದೆಂದು ಕೂಡಿಡಬಹುದಾದ ಸ್ವತ್ತೇ, ಇಲ್ಲವೇ ದಿನವೂ ಹೊರಗಿನಿಂದ ಬಂದು ದಿನವೂ ಹೊರಗೆ ಸಲ್ಲಬೇಕಾದ ಋಣವೇ ಎಂಬುದು ಆ ಪ್ರಶ್ನೆ. ಇದಕ್ಕೆ ಕೊಡುವ ಉತ್ತರದ ಮೇಲೆ ಏನು ಉಣ್ಣಬೇಕು, ಎಷ್ಟು ದುಡಿಯಬೇಕು, ಯಾವಾಗ ಮಲಗಬೇಕು ಎಂಬ ಸಣ್ಣ ಪ್ರಶ್ನೆಗಳ ಉತ್ತರವೂ ನಿಂತಿದೆ.

ಬದುಕಿನ ಬಲವನ್ನು ಬಯಸುವುದು ಅಧ್ಯಾತ್ಮಕ್ಕೆ ಹೊರತಾದ ಕೀಳು ಬಯಕೆಯೆಂಬ ಭಾವನೆ ನಮ್ಮಲ್ಲಿ ಸಾಕಷ್ಟು ಹರಡಿದೆಯಾದರೂ ಚರಕಸಂಹಿತೆ ಅದನ್ನು ಒಪ್ಪುವುದಿಲ್ಲ. ಅದರ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವು ಮನುಷ್ಯನಿಗೆ ಇರಬೇಕಾದ ಮೂರು ಏಷಣೆಗಳನ್ನು, ಅಂದರೆ ಮೂರು ಅರಸುವಿಕೆಗಳನ್ನು ಹೆಸರಿಸುತ್ತದೆ: ಪ್ರಾಣವನ್ನು ಅರಸುವುದು, ಧನವನ್ನು ಅರಸುವುದು, ಪರಲೋಕವನ್ನು ಅರಸುವುದು. ಪ್ರಾಣ ಹೋದರೆ ಎಲ್ಲವೂ ಹೋಗುವುದರಿಂದ ಅದಕ್ಕೆ ಮೊದಲ ಸ್ಥಾನ. ಜೀವನಕ್ಕೆ ಬೇಕಾದ ಸಾಧನಗಳಿಲ್ಲದ ದೀರ್ಘಾಯುಷ್ಯಕ್ಕಿಂತ ದೊಡ್ಡ ಕೇಡಿಲ್ಲವಾದ್ದರಿಂದ ಧನಕ್ಕೆ ಎರಡನೆಯದು. ಪರಲೋಕದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿದೆಯೆಂದು ಒಪ್ಪಿಕೊಂಡೇ, ಪ್ರಮಾಣಗಳನ್ನು ಮುಂದಿಟ್ಟು ವಾದಿಸಿ ಅದಕ್ಕೆ ಮೂರನೆಯದು. ಬಡವನ ದೀರ್ಘಾಯುಷ್ಯದ ಬಗ್ಗೆ ವೈದ್ಯಗ್ರಂಥವೊಂದು ಹೀಗೆ ಎದ್ದುಕಾಣುವಂತೆ ಮಾತಾಡಿರುವುದನ್ನು ಆರೋಗ್ಯದ ಉಪದೇಶಕರು ಅಪರೂಪಕ್ಕೂ ನೆನೆಯುವುದಿಲ್ಲ.

ಪ್ರಾಣವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ಉಪನಿಷತ್ತುಗಳು ಊಟದ ಎಲೆಯ ಮುಂದೆಯೇ ಇಟ್ಟು ಪರೀಕ್ಷಿಸಿವೆ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಏನನ್ನೂ ತಿನ್ನದೆ, ನೀರನ್ನು ಮಾತ್ರ ಬೇಕಾದಷ್ಟು ಕುಡಿದು ಇರುವಂತೆ ಹೇಳುತ್ತಾನೆ. ಹದಿನಾರನೆಯ ದಿನ ವೇದಮಂತ್ರಗಳನ್ನು ಹೇಳೆಂದಾಗ ಹನ್ನೆರಡು ವರ್ಷ ಓದಿ ಬಂದ ಮಗನಿಗೆ ಒಂದೂ ತೋಚುವುದಿಲ್ಲ. ದೊಡ್ಡ ಉರಿಯಲ್ಲಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದರಿಂದ ಹೆಚ್ಚೇನನ್ನೂ ಸುಡಲಾಗದು, ಅದಕ್ಕೆ ಹುಲ್ಲು ಒಡ್ಡಿದರೆ ಮತ್ತೆ ಉರಿದೀತು ಎಂದು ತಂದೆ ವಿವರಿಸಿ ಉಣ್ಣಲು ಕಳಿಸುತ್ತಾನೆ, ಉಂಡು ಬಂದ ಮಗ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಮನಸ್ಸು ಅನ್ನದಿಂದ, ಪ್ರಾಣ ನೀರಿನಿಂದ, ಮಾತು ತೇಜಸ್ಸಿನಿಂದ ಆದದ್ದೆಂಬುದು ಉದ್ದಾಲಕನ ಸಿದ್ಧಾಂತ. ಅದರ ವಿವರಗಳು ಇಂದಿನ ಶರೀರಶಾಸ್ತ್ರಕ್ಕೆ ಹೊಂದಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಆದರೆ ಸ್ಮೃತಿಯೂ ವಿದ್ಯೆಯೂ ಅನ್ನದ ಬಲದ ಮೇಲೆ ನಿಂತಿವೆಯೆಂಬುದನ್ನು ನಂಬಿಸುವ ಬದಲು ಮಾಡಿ ತೋರಿಸಿದ ಆ ರೀತಿ ಗಮನಾರ್ಹವಾದುದು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮೆದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿವ್ಯಯದಲ್ಲಿ ಐದರಲ್ಲೊಂದು ಪಾಲನ್ನು ತಾನೇ ಬಳಸುತ್ತದೆಂಬ ಈಚಿನ ತಿಳಿವಳಿಕೆಯ ಜೊತೆ ಆ ಪ್ರಸಂಗವನ್ನು ಇಟ್ಟು ಓದಿದರೆ ಆಭಾಸವೇನೂ ಆಗದು.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ. ವರುಣನ ಮಗ ಭೃಗು ಬ್ರಹ್ಮವೆಂದರೆ ಏನೆಂದು ಅರಸುತ್ತ ಮೊದಲು ಅನ್ನವೆಂದೂ ಅನಂತರ ಪ್ರಾಣವೆಂದೂ ಮನಸ್ಸೆಂದೂ ವಿಜ್ಞಾನವೆಂದೂ ಕಂಡುಕೊಳ್ಳುತ್ತ ಕೊನೆಗೆ ಆನಂದವೆಂಬ ನಿಲುಗಡೆಗೆ ಮುಟ್ಟುತ್ತಾನೆ. ಇವೇ ಮುಂದಿನ ವೇದಾಂತದಲ್ಲಿ ಪಂಚಕೋಶಗಳೆಂದು, ಅಂದರೆ ಆತ್ಮವನ್ನು ಒಂದರೊಳಗೊಂದಾಗಿ ಮುಚ್ಚಿದ ಐದು ಹೊದಿಕೆಗಳೆಂದು ಪ್ರಸಿದ್ಧವಾದವು. ಹೆಚ್ಚಿನ ವ್ಯಾಖ್ಯಾನಗಳ ಆಸಕ್ತಿ ಆನಂದಕ್ಕೆ ತಲುಪುವುದರಲ್ಲೇ ಮುಗಿಯುತ್ತದೆ. ಮೂಲಗ್ರಂಥ ಮಾತ್ರ ಅಲ್ಲಿ ಮುಗಿಯದೆ ಮತ್ತೆ ಅನ್ನಕ್ಕೇ ಇಳಿದು ಬರುತ್ತದೆ: ಅನ್ನವನ್ನು ನಿಂದಿಸಬಾರದು, ಅನ್ನವನ್ನು ತಳ್ಳಬಾರದು, ಅನ್ನವನ್ನು ಹೇರಳವಾಗಿ ಬೆಳೆಯಬೇಕು, ಮನೆಗೆ ಬಂದ ಯಾರನ್ನೂ ಇಲ್ಲವೆಂದು ಕಳಿಸಬಾರದು ಎಂಬ ವ್ರತಗಳನ್ನು ಆನಂದವನ್ನು ಅರಿತವನಿಗೆ ವಿಧಿಸುತ್ತದೆ. ಮೇಲಿನ ಮೆಟ್ಟಿಲಿಗೆ ಹೋದವನಿಗೆ ಕೆಳಗಿನದು ಬೇಡವಾಗುತ್ತದೆಂಬ ಊಹೆಯನ್ನು ಈ ಕ್ರಮ ಮುರಿಯುತ್ತದೆ. ಬಲವನ್ನು ಪಡೆಯುವ ಮಾತು ಇಲ್ಲಿ ಬಲವನ್ನು ಹಂಚುವ ಮಾತಾಗಿ ತಿರುಗುತ್ತದೆ.

ಅನ್ನದಿಂದ ಬಲ ಬರುತ್ತದೆಂದ ಮಾತ್ರಕ್ಕೆ ಹೆಚ್ಚು ಉಂಡರೆ ಹೆಚ್ಚು ಬಲವೆಂದು ಆಗುವುದಿಲ್ಲ. ಆಯುರ್ವೇದದ ದೃಷ್ಟಿಯಲ್ಲಿ ಉಂಡದ್ದು ದೇಹವಾಗುವುದು ಜಠರಾಗ್ನಿಯ, ಅಂದರೆ ಅರಗಿಸುವ ಶಕ್ತಿಯ ಮೂಲಕ; ಅಗ್ನಿ ಮಂದವಾಗಿದ್ದಾಗ ಉಣ್ಣುವ ಪುಷ್ಟಿಯ ಪದಾರ್ಥವೇ ರೋಗದ ಬೇರಾಗುತ್ತದೆ. ಆದ್ದರಿಂದಲೇ ಏಳನೆಯ ಶತಮಾನದ ಆಸುಪಾಸಿನ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ ಕೊಟ್ಟು ಉಳಿದ ಒಂದನ್ನು ಖಾಲಿ ಬಿಡಬೇಕೆಂದ; ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆ ಮಿತಾಹಾರವನ್ನು ವಿವರಿಸುವಾಗಲೂ ಕಾಲುಭಾಗ ಖಾಲಿ ಬಿಡುವ ಈ ಲೆಕ್ಕವನ್ನೇ ಹೇಳುತ್ತದೆ. ಭಗವದ್ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಸದಾ ಎಚ್ಚರವಿರುವವನಿಗೂ ಯೋಗ ದಕ್ಕದೆಂದು ಹೇಳುವುದರ ಹಿಂದಿರುವುದೂ ಇದೇ ವಿವೇಕ.

ಬೌದ್ಧರ ಸಂಯುತ್ತನಿಕಾಯದಲ್ಲಿ ಈ ಮಿತದ ಬಗ್ಗೆ ಸೊಗಸಾದ ಪ್ರಸಂಗವೊಂದಿದೆ. ಕೋಸಲದ ಅರಸ ಪಸೇನದಿಯು ಬಳ್ಳಗಟ್ಟಲೆ ಅನ್ನ ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿ ಬಂದಾಗ, ಎಚ್ಚರದಿಂದ ಮಿತವರಿತು ಉಣ್ಣುವವನ ನೋವು ತಗ್ಗುತ್ತದೆ, ಮುಪ್ಪು ಮೆಲ್ಲಗೆ ಬರುತ್ತದೆ ಎಂಬ ಅರ್ಥದ ಗಾಥೆಯೊಂದನ್ನು ಬುದ್ಧ ಹೇಳುತ್ತಾನೆ. ಅರಸನು ಸುದರ್ಶನನೆಂಬ ತರುಣನನ್ನು ಆ ಗಾಥೆಯನ್ನು ಊಟದ ಹೊತ್ತಿಗೆ ಹೇಳಲೆಂದೇ ಸಂಬಳಕ್ಕಿಟ್ಟು, ಕ್ರಮೇಣ ಒಂದು ನಾಳಿ ಅಳತೆಯ ಅನ್ನಕ್ಕೆ ಇಳಿದು ಮೈ ಹಗುರ ಮಾಡಿಕೊಳ್ಳುತ್ತಾನೆ. ಕಠಿಣ ತಪಸ್ಸಿನಿಂದ ಮೈ ಬತ್ತಿಸಿಕೊಂಡಿದ್ದ ಗೌತಮನು ಸುಜಾತೆಯ ಪಾಯಸವನ್ನು ಸ್ವೀಕರಿಸಿದ ಮೇಲೆಯೇ ಬೋಧಿಗೆ ಕುಳಿತನೆಂಬ ಕಥೆಯನ್ನೂ, ಕೊಬ್ಬಿದ ಅರಸನಿಗೆ ಕಡಿಮೆ ಉಣ್ಣಲು ಹೇಳಿದ ಈ ಕಥೆಯನ್ನೂ ಜೊತೆಗಿಟ್ಟು ನೋಡಿದರೆ ಮಧ್ಯಮಮಾರ್ಗವೆಂಬುದು ಎಲ್ಲರಿಗೂ ಒಂದೇ ಅಳತೆಯನ್ನು ಕೊಡುವ ನಿಯಮವಾಗಿರಲಿಲ್ಲವೆಂದು ತಿಳಿಯುತ್ತದೆ.

ಏನನ್ನು ಉಣ್ಣಬೇಕೆಂಬ ವಿಷಯದಲ್ಲಿ ಮಾತ್ರ ಶಾಸ್ತ್ರಗಳನ್ನು ವಿಮರ್ಶೆಯಿಲ್ಲದೆ ಒಪ್ಪುವುದು ಕಷ್ಟ. ಗೀತೆಯ ಹದಿನೇಳನೆಯ ಅಧ್ಯಾಯವು ಆಯುಸ್ಸು, ಬಲ, ಆರೋಗ್ಯಗಳನ್ನು ಬೆಳೆಸುವ ಜಿಡ್ಡಿನ, ರಸವತ್ತಾದ ಆಹಾರವನ್ನು ಸಾತ್ತ್ವಿಕವೆಂದು ಮೆಚ್ಚಿ, ಹೊತ್ತು ಮೀರಿದ, ತಂಗಳಾದ ಆಹಾರವನ್ನು ತಾಮಸದ ಸಾಲಿಗೆ ತಳ್ಳುತ್ತದೆ. ಕೆಟ್ಟು ನಾರುವ ಅನ್ನವನ್ನು ಬಿಡುವುದು ಸರಿಯೇ. ಆದರೆ ರಾತ್ರಿ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಈರುಳ್ಳಿ ಬೆರೆಸಿ ಉಂಡು ಹೊಲಕ್ಕೆ ಹೋಗುವವನ ತಂಗಳನ್ನವೂ ಹುಳಿ ಬರಿಸಿದ ಅಂಬಲಿಯೂ ಮಂದತನವನ್ನು ಹುಟ್ಟಿಸಿದವೆಂದು ಹೇಳಲು ಈ ನಾಡಿನ ಹೊಲಗದ್ದೆಗಳೇ ಒಪ್ಪವು. ಧಾನ್ಯ ಹುಳಿ ಬಂದಾಗ ಅದರಲ್ಲಿರುವ ಫೈಟೇಟ್ ಎಂಬ, ಖನಿಜಗಳನ್ನು ಕಟ್ಟಿಹಾಕುವ ಅಂಶ ತಗ್ಗುವುದರಿಂದ ಕಬ್ಬಿಣ, ಸತುವುಗಳು ದೇಹಕ್ಕೆ ಹೆಚ್ಚು ಸುಲಭವಾಗಿ ದಕ್ಕುತ್ತವೆ. ತುಪ್ಪ ಹಾಲುಗಳು ಮನೆಯಲ್ಲಿದ್ದವರು ಮಾಡಿದ ವರ್ಗೀಕರಣವು ಅವು ಇಲ್ಲದವರ ಊಟಕ್ಕೆ ನ್ಯಾಯ ಕೊಟ್ಟಿಲ್ಲವೆಂದೇ ಹೇಳಬೇಕಾಗುತ್ತದೆ.

ಈ ಅನ್ಯಾಯವನ್ನು ಕನ್ನಡದಲ್ಲಿ ಎತ್ತಿ ಹೇಳಿದವನು ಹದಿನಾರನೆಯ ಶತಮಾನದ ಕನಕದಾಸ. ಆತನ ರಾಮಧಾನ್ಯಚರಿತೆಯಲ್ಲಿ ನರೆದಲೆಗನೆಂಬ ರಾಗಿಗೂ ವ್ರಿಹಿಯೆಂಬ ಭತ್ತಕ್ಕೂ ತಾನು ಮೇಲು ತಾನು ಮೇಲೆಂಬ ಜಗಳ ಹತ್ತಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಸತ್ತ್ವಗುಂದದೆ ನಿಂತಿರುತ್ತದೆ, ರಾಮ ಅದಕ್ಕೆ ತನ್ನದೇ ರಾಘವನೆಂಬ ಹೆಸರನ್ನು ಕೊಡುತ್ತಾನೆ. ಜಾತಿಯ ಮೇಲುಕೀಳನ್ನು ಧಾನ್ಯಗಳ ಬಾಯಿಂದ ಆಡಿಸಿದ ಆ ಕಾವ್ಯದ ತೀರ್ಪು ಕೃಷಿಯ ಅನುಭವಕ್ಕೂ ಸರಿಹೊಂದುತ್ತದೆ: ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಹುಳ ಬೀಳದೆ ಉಳಿಯುವ ಧಾನ್ಯ ರಾಗಿ, ಮತ್ತು ಅದರ ನೂರು ಗ್ರಾಂನಲ್ಲಿ 340ರಿಂದ 360 ಮಿಲಿಗ್ರಾಂವರೆಗೆ ಕ್ಯಾಲ್ಸಿಯಂ ಇದ್ದು ಅಕ್ಕಿ ಗೋಧಿಗಳು ಅದರ ಸಮೀಪಕ್ಕೂ ಬರುವುದಿಲ್ಲ.

ಚರಕನು ದೇಹವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ, ಅಂದರೆ ಆಸರೆಯ ಕಂಬಗಳಲ್ಲಿ, ಆಹಾರದ ಮರುಸಾಲಿಗೇ ನಿದ್ರೆಯನ್ನು ಇಟ್ಟಿದ್ದಾನೆ. ಸುಖದುಃಖ, ಬಲಾಬಲ, ಜ್ಞಾನ ಅಜ್ಞಾನಗಳೂ ಕಡೆಗೆ ಬದುಕು ಸಾವುಗಳೂ ನಿದ್ರೆಗೆ ಅಧೀನವೆಂಬುದು ಅವನ ಅಭಿಪ್ರಾಯ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ನಡೆಯುವ ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂಬ ವಾಗ್ಭಟನ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಅದು ಸ್ವಸ್ಥನಾದವನಿಗೆ ಹೇಳಿದ ಮಾತೆಂಬುದನ್ನು ಮರೆಯುತ್ತಾರೆ. ರಾತ್ರಿ ಹನ್ನೆರಡರವರೆಗೆ ದೀಪದ ಬೆಳಕಿನಲ್ಲಿ ಕುಳಿತು ನಾಲ್ಕೂವರೆಗೆ ಏಳುವವನು ಶಾಸ್ತ್ರವನ್ನು ಪಾಲಿಸಿದಂತೆ ಕಂಡರೂ ವಯಸ್ಕರಿಗೆ ಕನಿಷ್ಠ ಬೇಕೆನ್ನಲಾದ ಏಳು ಗಂಟೆಯ ನಿದ್ರೆಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿರುತ್ತಾನೆ. ಜೀವಕೋಶದೊಳಗೇ ಹಗಲಿರುಳಿನ ಗಡಿಯಾರವೊಂದು ನಡೆಯುತ್ತಿರುತ್ತದೆಂಬುದನ್ನೂ ಅದನ್ನು ನಡೆಸುವ ಜೀನುಗಳ ಕಾರ್ಯವಿಧಾನವನ್ನೂ ಬಿಡಿಸಿ ತೋರಿಸಿದ ಹಾಲ್, ರೋಸ್‌ಬ್ಯಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ಸಂದಿತು. ಆ ಗಡಿಯಾರವನ್ನು ದಿನವೂ ಸರಿಪಡಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ಸಂಧ್ಯಾವಂದನೆ, ಫಜರ್ ನಮಾಜು, ಮಠಗಳ ಪ್ರಾತಃಕಾಲದ ಪೂಜೆಗಳು ಬೇರೆ ಬೇರೆ ಕಾರಣಗಳಿಗಾಗಿ ಹುಟ್ಟಿದ್ದರೂ ಮನುಷ್ಯನನ್ನು ಹೊತ್ತು ಮೂಡುವ ವೇಳೆಗೆ ಎಬ್ಬಿಸುವುದರಲ್ಲಿ ಒಂದಾಗುತ್ತವೆ.

ನಿದ್ರೆಯ ಜೊತೆ ಕಾಫಿಯ ಮಾತನ್ನೂ ಆಡಬೇಕು, ಏಕೆಂದರೆ ಕಾಫಿಯ ಮೊದಲ ಬಳಕೆಯ ಹಿಂದೆಯೂ ಧಾರ್ಮಿಕ ಉದ್ದೇಶವೇ ಇತ್ತು. ಹದಿನೈದನೆಯ ಶತಮಾನದ ಯೆಮನ್‌ನಲ್ಲಿ ಸೂಫಿಗಳು ರಾತ್ರಿಯ ನಾಮಸ್ಮರಣೆಗೆ ಎಚ್ಚರವಿರಲು ಅದನ್ನು ಕುಡಿಯುತ್ತಿದ್ದರು. ಚಿಕ್ಕಮಗಳೂರಿನ ಬೆಟ್ಟಕ್ಕೆ ಅದರ ಏಳು ಬೀಜಗಳನ್ನು ತಂದವನೆಂದು ಐತಿಹ್ಯ ಹೇಳುವ ಬಾಬಾಬುಡನ್ ಕೂಡ ಸೂಫಿ ಸಂತನೇ. ಎಚ್ಚರವಿದ್ದಷ್ಟು ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತ ಹೋಗಿ ತೂಕಡಿಕೆಯನ್ನು ತರುತ್ತದೆ, ಕಾಫಿಯಲ್ಲಿರುವ ಕೆಫೀನು ಆ ವಸ್ತು ಕೂರಬೇಕಾದ ಜಾಗದಲ್ಲಿ ತಾನು ಕೂತು ದಣಿವಿನ ಸುದ್ದಿಯನ್ನು ಮುಚ್ಚಿಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಸಂಜೆಯ ಕಾಫಿ ರಾತ್ರಿಯ ನಿದ್ರೆಯಿಂದಲೇ ಸಾಲ ತೆಗೆದ ಚುರುಕು. ರಾತ್ರಿ ಜಾಗರಣೆಯೇ ಗುರಿಯಾಗಿದ್ದ ಸಾಧಕನಿಗೆ ಅದು ಸರಿಯಾದ ಉಪಾಯವಾಗಿತ್ತು. ದಿನವಿಡೀ ಲವಲವಿಕೆಯನ್ನು ಬಯಸುವವನಿಗೆ ಅಷ್ಟು ಸರಿಯಲ್ಲ.

ಬಲವನ್ನು ಕೂಡಿಡುವ ಕಲ್ಪನೆಗೆ ಭಾರತೀಯ ಚಿಂತನೆಯಲ್ಲಿ ಆಧಾರವಿಲ್ಲವೆಂದು ಹೇಳಲಾಗದು. ಆಯುರ್ವೇದದ ಪ್ರಕಾರ ಉಂಡ ಆಹಾರ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರವೆಂಬ ಏಳು ಧಾತುಗಳಾಗಿ ಕ್ರಮವಾಗಿ ಮಾಗುತ್ತದೆ, ಅವೆಲ್ಲದರ ಸಾರವೇ ಓಜಸ್ಸು, ಅದರ ಮೇಲೆಯೇ ಪ್ರಾಣ ನಿಂತಿದೆ. ಓಜಸ್ಸು ಕ್ಷಯಿಸುವ ಕಾರಣಗಳಾಗಿ ವಾಗ್ಭಟ ಕೋಪ, ಹಸಿವು, ಚಿಂತೆ, ಶೋಕ, ಅತಿಶ್ರಮಗಳನ್ನು ಹೇಳುತ್ತಾನೆ. ಆದರೆ ಮುಂದಿನ ಜನಪ್ರಿಯ ಉಪದೇಶ ಈ ಐದನ್ನು ಬದಿಗಿಟ್ಟು ಏಳನೆಯ ಧಾತುವೊಂದನ್ನೇ ಹಿಡಿದುಕೊಂಡು, ವೀರ್ಯದ ಹನಿಹನಿಯೂ ಕೂಡಿಟ್ಟ ಆಯುಸ್ಸೆಂದು ತರುಣರಿಗೆ ಬೋಧಿಸಿತು. ಸಹಜವಾದ ಸ್ಖಲನದಿಂದಲೇ ತನ್ನ ಶಕ್ತಿಯೆಲ್ಲ ಸೋರಿಹೋಯಿತೆಂದು ನಂಬಿ ದಣಿವು, ನಿರುತ್ಸಾಹ, ಭಯಗಳಿಗೆ ಒಳಗಾಗುವ ತರುಣರ ಸ್ಥಿತಿಯನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಧಾತು ಸಿಂಡ್ರೋಮ್ ಎಂದು ಹೆಸರಿಸಿದರು. ಬಲವನ್ನು ಉಳಿಸಬೇಕೆಂದು ಹುಟ್ಟಿದ ಸಿದ್ಧಾಂತವು ಹೆದರಿಕೆಯಾಗಿ ಬೆಳೆದು ಬಲವನ್ನೇ ನುಂಗಿದ ಉದಾಹರಣೆ ಇದು, ಗೋಡೆಗಳ ಮೇಲೆ ಜಾಹೀರಾತು ಬರೆಸುವ ನಕಲಿ ವೈದ್ಯರು ಇಂದಿಗೂ ಇದರಿಂದಲೇ ಬದುಕುತ್ತಿದ್ದಾರೆ.

ಕಾಯವನ್ನು ಭದ್ರಪಡಿಸುವ ಹಂಬಲಕ್ಕೆ ಕನ್ನಡದಲ್ಲಿ ಸಿಕ್ಕಿರುವ ತೀಕ್ಷ್ಣವಾದ ವಿಮರ್ಶೆ ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ. ಯೋಗಸಿದ್ಧಿಯಿಂದ ಮೈಯನ್ನು ವಜ್ರದಂತೆ ಗಟ್ಟಿಗೊಳಿಸಿಕೊಂಡ ಗೋರಕ್ಷನು ಅಲ್ಲಮಪ್ರಭುವಿನ ಮುಂದೆ ತನ್ನ ಸಾಧನೆಯನ್ನು ಮೆರೆಯಿಸುತ್ತಾನೆ. ಅಲ್ಲಮ ಕತ್ತಿಯಿಂದ ಹೊಡೆದಾಗ ಆ ಮೈ ಖಣಿಲೆಂದು ಸದ್ದು ಮಾಡುತ್ತದೆಯೇ ಹೊರತು ಒಂದು ಕೂದಲೂ ಕೊಂಕುವುದಿಲ್ಲ. ಆದರೆ ಗೋರಕ್ಷನು ಅಲ್ಲಮನ ಮೇಲೆ ಬೀಸಿದ ಕತ್ತಿ ಏನನ್ನೂ ತಾಗದೆ ಬಯಲಿನಲ್ಲಿ ಹಾದುಹೋದಂತೆ ಆಚೆಗೆ ಹೋಗುತ್ತದೆ. ಕಾಯಸಿದ್ಧಿ, ಅಂದರೆ ದೇಹವನ್ನು ಕೆಡದಂತೆ ಮಾಡಿಕೊಳ್ಳುವುದು, ಇಲ್ಲಿ ಸುಳ್ಳೆಂದು ತೋರಿಸಲ್ಪಟ್ಟಿಲ್ಲ; ಗೋರಕ್ಷನ ಮೈ ನಿಜವಾಗಿಯೂ ಗಟ್ಟಿಯಾಗಿದೆ. ಅಷ್ಟು ಗಟ್ಟಿಯಾದದ್ದರಲ್ಲಿ ನಾನೆಂಬುದೂ ಅಷ್ಟೇ ಗಟ್ಟಿಯಾಗಿ ಕೂತಿದೆಯೆಂಬುದು ಅಲ್ಲಮನ ಆಕ್ಷೇಪ. ಇಂದು ನೂರೈವತ್ತು ವರ್ಷ ಬದುಕುವ ಯೋಜನೆ ಹಾಕಿಕೊಂಡು ದಿನವೂ ರಕ್ತ ಪರೀಕ್ಷಿಸಿಕೊಳ್ಳುವ ಸಿರಿವಂತರು ಗೋರಕ್ಷನ ಪಂಥಕ್ಕೆ, ಅವನ ತಪಸ್ಸೊಂದನ್ನು ಬಿಟ್ಟು, ಸೇರಿದವರೇ.

ಕೂಡಿಡುವ ಕಲ್ಪನೆಗೆ ಶರೀರದ ರಚನೆಯೂ ಅಷ್ಟಾಗಿ ಒತ್ತಾಸೆ ನೀಡುವುದಿಲ್ಲ. ಕೊಬ್ಬಿನ ರೂಪದಲ್ಲಿ ದೇಹ ಇಂಧನವನ್ನು ಕೂಡಿಡುತ್ತದೆ ನಿಜ. ಆದರೆ ಸ್ನಾಯು ಮಿಡಿಯಲು, ನರ ಸುದ್ದಿ ಒಯ್ಯಲು ನೇರವಾಗಿ ಬಳಕೆಯಾಗುವ ಎಟಿಪಿ ಎಂಬ ಅಣುವನ್ನು ಅದು ಅತ್ಯಲ್ಪ ಹೊತ್ತಿಗೆ ಸಾಲುವಷ್ಟೇ ಇಟ್ಟುಕೊಂಡಿರುತ್ತದೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಅದನ್ನು ಎಡೆಬಿಡದೆ ಮಾಡುತ್ತಿರುತ್ತವೆ, ದೇಹ ಎಡೆಬಿಡದೆ ಸವೆಸುತ್ತಿರುತ್ತದೆ, ಹೀಗೆ ಒಂದು ದಿನದಲ್ಲಿ ಆಗಿಹೋಗುವ ಎಟಿಪಿಯ ಮೊತ್ತ ಹೆಚ್ಚುಕಡಿಮೆ ಆ ಮನುಷ್ಯನ ತೂಕದಷ್ಟೇ ಇರುತ್ತದೆ. ಇಲಿಗಳನ್ನು ವಾರಗಟ್ಟಲೆ ಓಡಿಸಿ ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಹೆಚ್ಚುವುದನ್ನು ಜಾನ್ ಹೊಲೊಸ್ಜಿ 1967ರಲ್ಲಿ ತೋರಿಸಿದರು. ಸವೆಸುವ ಶಕ್ತಿಯಿಂದಲೇ ಮಾಡುವ ಶಕ್ತಿ ಬೆಳೆಯುತ್ತದೆಂಬುದು ಇದರ ತಾತ್ಪರ್ಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಮಧ್ಯಮ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾಗ್ಭಟನು ಚಳಿಗಾಲ ವಸಂತಗಳಲ್ಲಿ ಅರ್ಧಶಕ್ತಿಯವರೆಗೆ, ಅಂದರೆ ತನ್ನಲ್ಲಿರುವ ಬಲದ ಅರ್ಧ ಸವೆಯುವವರೆಗೆ ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆಯೆಂದು ಅದಕ್ಕೆ ಮೇಲಿನ ಗಡಿಯನ್ನೂ ಹಾಕಿದ್ದಾನೆ.

ಹನ್ನೆರಡನೆಯ ಶತಮಾನದ ಶರಣರ ಕಾಯಕದ ಕಲ್ಪನೆ ಈ ನಿಟ್ಟಿನಲ್ಲಿ ಮಹತ್ತ್ವದ್ದು. ಕಾಯಕವೆಂದರೆ ಕಾಯದಿಂದ ಮಾಡುವ, ಶಿವನಿಗೆ ಸಲ್ಲುವ ದುಡಿಮೆ. ಅದರ ಫಲವನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸುವುದು ದಾಸೋಹ. ಸಲ್ಲಿಸಿ ಉಳಿದದ್ದನ್ನು ಉಣ್ಣುವುದು ಪ್ರಸಾದ. ಇಲ್ಲಿ ಬಲ ದುಡಿಮೆಯಾಗಿ ಹೊರಟು ಪ್ರಸಾದವಾಗಿ ಮರಳಿ ಬರುತ್ತದೆ, ಯಾರ ಬಳಿಯೂ ನಿಲ್ಲುವುದಿಲ್ಲ. ವ್ಯಾಯಾಮಶಾಲೆಗೆ ಹೋಗಿ ಯಾವ ಕೆಲಸಕ್ಕೂ ಬಾರದ ಭಾರವನ್ನು ಎತ್ತಿ ಇಳಿಸುವುದು ದೇಹದ ದೃಷ್ಟಿಯಿಂದ ಸಾರ್ಥಕವೇ ಆದರೂ ಶರಣರ ಕಣ್ಣಿಗೆ ಅದು ವಿಚಿತ್ರವಾಗಿ ಕಂಡಿರುತ್ತಿತ್ತು.

ಉಸಿರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. ಪ್ರಾಣಾಯಾಮ ರಕ್ತಕ್ಕೆ ಹೆಚ್ಚು ಆಮ್ಲಜನಕವನ್ನು ತುಂಬುತ್ತದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಆರೋಗ್ಯವಂತನ ಅಪಧಮನಿಗಳ ರಕ್ತ ಸುಮ್ಮನೆ ಕೂತಾಗಲೂ ನೂರಕ್ಕೆ 95ಕ್ಕಿಂತ ಹೆಚ್ಚು ಆಮ್ಲಜನಕದಿಂದ ತುಂಬಿರುವುದರಿಂದ ಅಲ್ಲಿ ಹೆಚ್ಚು ತುಂಬಲು ಜಾಗವೇ ಇಲ್ಲ. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ನಡೆಯುವ ಉಸಿರನ್ನು ಆರರ ಆಸುಪಾಸಿಗೆ ನಿಧಾನಗೊಳಿಸಿದಾಗ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಹೊಂದಿಸುವ ನರವ್ಯವಸ್ಥೆ ಉದ್ವೇಗದಿಂದ ಶಾಂತಿಯ ಕಡೆಗೆ ವಾಲುತ್ತದೆ, ಅನಗತ್ಯವಾಗಿ ಖರ್ಚಾಗುತ್ತಿದ್ದ ಬಲ ಉಳಿಯುತ್ತದೆ. ಉಸಿರು ಚಲಿಸಿದರೆ ಚಿತ್ತವೂ ಚಲಿಸುತ್ತದೆಂದು ಹಠಯೋಗಿಗಳು ಕಂಡುಕೊಂಡದ್ದು ಇದನ್ನೇ ಇರಬೇಕು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿಯೇ ಯೋಗಮಕರಂದವೆಂಬ ಪುಸ್ತಕವನ್ನು ಪ್ರಕಟಿಸಿದರು. ಇಂದು ಜಗತ್ತಿನಾದ್ಯಂತ ಚಟುವಟಿಕೆಯ ಕಸರತ್ತಾಗಿ ಹರಡಿರುವ ಆಸನಾಭ್ಯಾಸದಲ್ಲಿ ಬಹುಪಾಲು ಅವರ ಶಿಷ್ಯರಾದ ಪಟ್ಟಾಭಿ ಜೋಯಿಸ್ ಮತ್ತು ಬಿ. ಕೆ. ಎಸ್. ಅಯ್ಯಂಗಾರ್ ಅವರ ಮೂಲಕ ಹೊರಟದ್ದು.

ಚೈತನ್ಯಕ್ಕೂ ನಡತೆಗೂ ಇರುವ ಸಂಬಂಧವನ್ನು ಚರಕನು ಎರಡು ಕಡೆ ಎತ್ತುತ್ತಾನೆ. ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು, ಆಕಳಿಕೆ, ಮಲಮೂತ್ರಗಳೇ ಮುಂತಾದ ಹದಿಮೂರು ಸಹಜ ವೇಗಗಳನ್ನು ತಡೆಯಬಾರದೆಂದು ಹೇಳಿದ ಬೆನ್ನಿಗೇ ಲೋಭ, ಭಯ, ಕ್ರೋಧ, ಈರ್ಷ್ಯೆಗಳ ವೇಗವನ್ನು ತಡೆಯಲೇಬೇಕೆಂದು ಹೇಳುತ್ತಾನೆ. ಜನ ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡಿ, ಕಚೇರಿಯಲ್ಲಿ ಮೂತ್ರವನ್ನು ತಡೆದು ಮನೆಯಲ್ಲಿ ಸಿಟ್ಟನ್ನು ಬಿಡುತ್ತಾರೆ. ಎರಡನೆಯದು ಆಚಾರರಸಾಯನ. ರಸಾಯನವೆಂದರೆ ಮುಪ್ಪನ್ನು ಮುಂದೂಡಿ ಬಲವನ್ನು ಕೊಡುವ ಚಿಕಿತ್ಸೆ; ನೆಲ್ಲಿಕಾಯಿ, ಅಳಲೆಕಾಯಿಗಳ ಯೋಗಗಳನ್ನು ಬಗೆಬಗೆಯಾಗಿ ವಿವರಿಸಿದ ಮೇಲೆ ಆ ಅಧ್ಯಾಯವು, ಸತ್ಯ ನುಡಿಯುವ, ಕೋಪಿಸಿಕೊಳ್ಳದ, ಮದ್ಯದಿಂದ ದೂರವಿರುವ, ಹಿಂಸೆ ಮಾಡದ, ದಾನಶೀಲನಾದ, ನಿದ್ರೆ ಎಚ್ಚರಗಳನ್ನು ಸಮವಾಗಿ ಇಟ್ಟುಕೊಂಡ ಮನುಷ್ಯನನ್ನು ನಿತ್ಯವೂ ರಸಾಯನ ಸೇವಿಸುವವನೆಂದೇ ತಿಳಿಯಬೇಕೆಂದು ಸಾರುತ್ತದೆ. ಡಬ್ಬಿಗಳಲ್ಲಿ ಮಾರಾಟವಾಗುವ ರಸಾಯನಗಳ ಮೇಲೆ ಈ ಭಾಗವನ್ನು ಯಾರೂ ಅಚ್ಚು ಹಾಕಿಸಿಲ್ಲ.

ಬಲವೇ ಪರಮಗುರಿಯಲ್ಲವೆಂಬುದನ್ನು ಜೈನರಷ್ಟು ಖಂಡಿತವಾಗಿ ಹೇಳಿದವರಿಲ್ಲ, ಹಾಗೆಂದು ಅವರು ವೈದ್ಯವನ್ನು ಅಲಕ್ಷಿಸಲಿಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯನು ಕಲ್ಯಾಣಕಾರಕವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಬಲಕ್ಕೆ ಮಾಂಸ ಅನಿವಾರ್ಯವಲ್ಲವೆಂದು ನೃಪತುಂಗನ ಆಸ್ಥಾನದಲ್ಲಿ ವಾದಿಸಿದನೆಂದು ಅದರಲ್ಲೇ ಉಲ್ಲೇಖವಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಇದೇ ಹೆಸರಿನ ಗ್ರಂಥವನ್ನು ಕನ್ನಡಕ್ಕೆ ತಂದಾಗ ಮದ್ಯ ಮಾಂಸಗಳಿಲ್ಲದ ಚಿಕಿತ್ಸೆಯನ್ನೇ ಹೇಳಿದ. ಇಷ್ಟೆಲ್ಲ ಕಾಳಜಿಯಿಂದ ಕಾಪಾಡಿದ ದೇಹವನ್ನು, ಅದು ವ್ರತಪಾಲನೆಗೆ ಇನ್ನು ಒದಗದೆಂದು ಕಂಡಾಗ ಆಹಾರವನ್ನು ಮೆಲ್ಲಮೆಲ್ಲಗೆ ಬಿಡುತ್ತ ಶಾಂತವಾಗಿ ತ್ಯಜಿಸುವ ಸಲ್ಲೇಖನಕ್ಕೂ ಅದೇ ಪರಂಪರೆ ಅವಕಾಶ ಕೊಟ್ಟಿತು, ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ಎಷ್ಟೋ ಇಂಥ ಮರಣಗಳ ದಾಖಲೆಗಳೇ. ದೇಹ ಸಾಧನವೆಂದು ನಿಜವಾಗಿ ನಂಬಿದವರು ಅದನ್ನು ಚೊಕ್ಕವಾಗಿಯೂ ಇಟ್ಟುಕೊಳ್ಳುತ್ತಾರೆ, ಕೆಲಸ ಮುಗಿದಾಗ ಕೆಳಗಿಡಲೂ ಬಲ್ಲರು.

ಇಷ್ಟು ಹೇಳಿದ ಮೇಲೂ ಈ ಎಲ್ಲ ಗ್ರಂಥಗಳ ದಿನಚರಿಯಲ್ಲಿ ಒಂದು ಕೊರತೆ ಉಳಿಯುತ್ತದೆ. ಬೆಳಗ್ಗೆ ಎದ್ದು ಹಲ್ಲುಜ್ಜಿ, ಎಣ್ಣೆ ತಿಕ್ಕಿಸಿಕೊಂಡು, ವ್ಯಾಯಾಮ ಮಾಡಿ, ಮಿಂದು, ಹಿತವಾದ ಬಿಸಿಯೂಟವನ್ನು ಹೊತ್ತಿಗೆ ಸರಿಯಾಗಿ ಉಣ್ಣುವ ಮನುಷ್ಯನ ಹಿಂದೆ ಆ ನೀರನ್ನು ಕಾಯಿಸಿದವಳು, ಆ ಊಟವನ್ನು ಬೇಯಿಸಿದವಳು ಒಬ್ಬಳಿದ್ದಾಳೆ. ಅವಳು ಯಾವ ಮುಹೂರ್ತದಲ್ಲಿ ಎದ್ದಳು, ಏನು ಉಳಿದಿದ್ದಾಗ ಉಂಡಳು ಎಂಬುದನ್ನು ಶಾಸ್ತ್ರ ಕೇಳುವುದಿಲ್ಲ. ಮನೆಯವರೆಲ್ಲ ಉಂಡ ಮೇಲೆ ಹೆಂಗಸರು ಉಣ್ಣುವ ಪದ್ಧತಿಯನ್ನು ಧರ್ಮವೆಂದು ಹೊಗಳಿದ ಸಮಾಜದಲ್ಲಿ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ, ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25 ಮಂದಿಗೆ. ಮುಟ್ಟು, ಬಸುರು, ಬಾಣಂತನಗಳಲ್ಲಿ ಆಗುವ ನಷ್ಟ ಈ ಅಂತರಕ್ಕೆ ಒಂದು ಕಾರಣವಾದರೆ, ಆ ನಷ್ಟವನ್ನು ತುಂಬುವಷ್ಟು ಬೇಳೆ, ಸೊಪ್ಪು, ಮೊಟ್ಟೆ ಮಾಂಸಗಳು ಅವಳ ತಟ್ಟೆಯವರೆಗೆ ಬಾರದಿರುವುದು ಇನ್ನೊಂದು. ಕಬ್ಬಿಣದ ಕೊರತೆಯಿಂದ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇಳಿದವಳಿಗೆ ಪ್ರಾಣಾಯಾಮವನ್ನೂ ಬೆಳಗಿನ ನಡಿಗೆಯನ್ನೂ ಬೋಧಿಸುವುದು ಉದ್ದಾಲಕನ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ, ಹಸಿದ ಮಗನಿಗೆ ಮಂತ್ರ ಬಾರದೆಂದು ಬೈದಂತೆ.

ಈ ಕೊರತೆಯನ್ನು ತುಂಬುವ ದನಿ ಶರಣೆ ಆಯ್ದಕ್ಕಿ ಲಕ್ಕಮ್ಮನದು. ಅವಳ ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವಳು ಅಂದಿಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳಿಸಿದಳೆಂದು ಅವರ ಕಥೆ ಹೇಳುತ್ತದೆ. ಬಡತನವನ್ನು ಹೊಗಳುವ ಕಥೆಯೆಂದು ಇದನ್ನು ಓದುವುದುಂಟು. ಆದರೆ ಲಕ್ಕಮ್ಮ ಹಸಿದಿರಲು ಹೇಳಲಿಲ್ಲ, ದಾಸೋಹವನ್ನು ನಿಲ್ಲಿಸಲೂ ಹೇಳಲಿಲ್ಲ. ಈ ದಿನಕ್ಕೆ ಸಾಲುವಷ್ಟು ಎಲ್ಲರಿಗೂ ಇರಲಿ, ನಾಳೆಯ ಪಾಲು ಇಂದು ಯಾರ ಮನೆಯಲ್ಲೂ ಗಂಟಾಗಿ ಕೂರದಿರಲಿ ಎಂಬುದು ಅವಳ ನಿಲುವು. ಅಳತೆಯನ್ನು ತೀರ್ಮಾನಿಸಿದವಳು ಅಡುಗೆ ಮಾಡುವ ಹೆಂಗಸೇ ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ದಿನವೂ ದಣಿವಿನಲ್ಲಿ ಏಳುವ ಓದುಗರು ಪುಷ್ಟಿಯ ಪುಡಿಗಳಿಗೆ ಹಣ ಸುರಿಯುವುದಕ್ಕೆ ಮೊದಲು, ತಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರನ್ನೂ ಜೊತೆಗೆ ಕರೆದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತವನ್ನು ಪರೀಕ್ಷಿಸಿಕೊಳ್ಳಲಿ; ಹಿಮೋಗ್ಲೋಬಿನ್ ಒಂದು ಡೆಸಿಲೀಟರಿಗೆ ಗಂಡಸರಲ್ಲಿ 13, ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, ಅದಕ್ಕೆ ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ, ಮತ್ತು ಆ ಮಾತ್ರೆಯನ್ನು ನಿಂಬೆಯ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ದಕ್ಕುತ್ತದೆ, ಕಾಫಿ ಟೀಗಳ ಜೊತೆ ತೆಗೆದುಕೊಂಡರೆ ದಕ್ಕುವುದು ಕಡಿಮೆ.